ಹಕ್ಕಲು: ಎರೆಯ ನಾಡಿನಲ್ಲಿ ಹಕ್ಕಿಗೆ ಉಳಿದ ಪಾಲು

ರಾಯಚೂರು ಸೀಮೆಯ ಹಳ್ಳಿಗಳಲ್ಲಿ ‘ಹಕ್ಕಲು’ ಎಂಬುದೊಂದು ಮಾತಿದೆ. ಪೇಟೆಯಲ್ಲಿ ಹುಟ್ಟಿ ಬೆಳೆದ ವಾಚಕರಲ್ಲಿ ಅನೇಕರು ಇದನ್ನು ಕೇಳಿರಲಾರರು. ಸುಗ್ಗಿ ಮುಗಿದು, ಹೊಲದೊಡೆಯನು ತನ್ನ ರಾಶಿಯನ್ನು ಬಂಡಿಯಲ್ಲಿ ಹೇರಿ ಮನೆಗೆ ಸಾಗಿಸಿದ ಮೇಲೆ ಹೊಲದಲ್ಲಿ ಏನು ಉಳಿಯುತ್ತದೆಯೋ ಅದೇ ಹಕ್ಕಲು. ಕೊಯ್ಯುವವರ ಕೈತಪ್ಪಿದ ತೆನೆ, ಸಾಲುಗಳ ನಡುವೆ ಉದುರಿದ ಕಾಳು, ಗಿಡದಲ್ಲೇ ಒಣಗಿ ನಿಂತ ಹತ್ತಿಯ ತೊಳೆ, ಮಣ್ಣಿನಲ್ಲಿ ಸಿಕ್ಕಿಕೊಂಡ ಶೇಂಗಾ ಇವೆಲ್ಲ ಅದರಲ್ಲಿ ಸೇರುತ್ತವೆ. ಅದನ್ನು ಆಯ್ದುಕೊಳ್ಳಲು ಬಂದ ಬಡ ಹೆಂಗಸನ್ನು ತಡೆಯುವುದು ಮರ್ಯಾದಸ್ಥರ ಲಕ್ಷಣವಲ್ಲವೆಂದು ಹಳ್ಳಿಯ ನಂಬಿಕೆ. ಆಕೆಯ ಕಣ್ಣಿಗೂ ಬೀಳದೆ ಉಳಿದದ್ದು ಹಕ್ಕಿಯದು. ಹಕ್ಕಲು ಎಂಬ ಮಾತು ಹಕ್ಕಿ ಎಂಬ ಮಾತಿನಿಂದಲೇ ಬಂದಿತೆಂದು ಹೇಳಲು ನನಗೆ ಧೈರ್ಯವಿಲ್ಲ, ಶಬ್ದಶಾಸ್ತ್ರಿಗಳು ಕೋಪಿಸಿಕೊಂಡಾರು. ಆದರೆ ಎರಡು ಮಾತುಗಳೂ ಒಂದೇ ಹೊಲದಲ್ಲಿ, ಒಂದೇ ತಿಂಗಳಲ್ಲಿ ಕೂಡಿಬರುತ್ತವೆ ಎಂಬುದಂತೂ ನಿಜ.

ಈಚೆಗೆ ಇಂಗ್ಲೆಂಡು, ಅಮೇರಿಕಗಳ ತೋಟಗಾರಿಕೆಯ ಪತ್ರಿಕೆಗಳಲ್ಲಿ ಒಂದು ಉಪದೇಶ ಪದೇ ಪದೇ ಕಾಣುತ್ತದೆ. ಶರತ್ಕಾಲದಲ್ಲಿ ಒಣಗಿದ ಹೂಗಿಡಗಳನ್ನು ಕತ್ತರಿಸಬೇಡಿರಿ. ಸೂರ್ಯಕಾಂತಿಯ ತಲೆಯನ್ನು ಬೀಜಸಮೇತ ಹಾಗೆಯೇ ನಿಲ್ಲಿಸಿರಿ. ಹಿಮ ಬಿದ್ದಾಗ ಹಕ್ಕಿಗಳಿಗೆ ಅದೇ ಆಹಾರ ಎಂದು. ಒಳ್ಳೆಯ ಮಾತು. ಅವರಿಗೂ ಇದು ತೀರ ಹೊಸದೇನಲ್ಲ. ಹೊಲದ ಅಂಚನ್ನು ಪೂರ್ತಿ ಕೊಯ್ಯಬಾರದು, ಬಿದ್ದ ತೆನೆಯನ್ನು ಬಾಚಿಕೊಳ್ಳಬಾರದು, ಅದು ಬಡವರಿಗೂ ಪರದೇಶಿಗಳಿಗೂ ಸಲ್ಲತಕ್ಕದ್ದು ಎಂದು ಯೆಹೂದ್ಯರ ಧರ್ಮಗ್ರಂಥ ಬಹು ಹಿಂದೆಯೇ ವಿಧಿಸಿದೆ. ನಾರ್ವೆ ದೇಶದಲ್ಲಿ ಕ್ರಿಸ್ಮಸ್ಸಿನ ಹೊತ್ತಿಗೆ ಓಟ್ಸ್ ಧಾನ್ಯದ ಸಿವುಡೊಂದನ್ನು ಕಂಬಕ್ಕೆ ಕಟ್ಟಿ ಗುಬ್ಬಿಗಳಿಗೆಂದು ನಿಲ್ಲಿಸುವುದು ರೂಢಿ. ನಮ್ಮ ನೆರೆಯ ಆಂಧ್ರದ ಮನೆಗಳಲ್ಲಿ ಭತ್ತದ ತೆನೆಗಳನ್ನು ಕುಚ್ಚಾಗಿ ಹೆಣೆದು ಸೂರಿಗೆ ತೂಗುಹಾಕುವುದುಂಟು. ನಾರ್ವೆಯ ಒಕ್ಕಲಿಗನೂ ಗೋದಾವರಿ ತೀರದ ಒಕ್ಕಲಿಗನೂ ಒಬ್ಬರನ್ನೊಬ್ಬರು ಕಂಡವರಲ್ಲ.

ಆದರೆ ಒಂದು ವ್ಯತ್ಯಾಸವನ್ನು ಮೊದಲೇ ಹೇಳಬೇಕು. ಶೀತದೇಶಗಳಲ್ಲಿ ಚಳಿಗಾಲವೆಂದರೆ ಹಕ್ಕಿಗೆ ಹಸಿವಿನ ಕಾಲ. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ದೋಆಬಿನಲ್ಲಿ ಚಳಿಗಾಲವೆಂದರೆ ಹಾಲುಗಟ್ಟುವ ತೆನೆಯ ಕಾಲ, ಸುಗ್ಗಿಯ ಹಿಂದುಮುಂದಿನ ಕಾಲ. ಅಲ್ಲಿಯ ಹಸಿವಿಗೆ ಅಂಜಿ ಹೊರಟ ಹಕ್ಕಿಗಳೇ ಇಲ್ಲಿಗೆ ಬರುತ್ತವೆ. ನಮ್ಮಲ್ಲಿ ಹಕ್ಕಿಗೆ ಕಷ್ಟ ಬರುವುದು ಕೊಯ್ಲಿನ ಅನಂತರ. ಮಾಘ ಕಳೆದು ಫಾಲ್ಗುಣ, ಚೈತ್ರಗಳಲ್ಲಿ ಹುಲ್ಲು ಒಣಗಿ, ಹಳ್ಳ ಬತ್ತಿ, ನೆಲ ಬಿರುಕುಬಿಟ್ಟಾಗ, ಸಾವಿರಾರು ಮೈಲಿಯ ಮರುಪ್ರಯಾಣಕ್ಕೆ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳಬೇಕಾದ ಹಕ್ಕಿಗೆ ಕೂಳೆಯಲ್ಲಿ ಉಳಿದ ಕಾಳು ಬೇಕು. ಆದಕಾರಣ ಹಕ್ಕಲಿನ ಬೆಲೆ ಪುಷ್ಯದಲ್ಲಿ ತಿಳಿಯುವುದಿಲ್ಲ, ಫಾಲ್ಗುಣದಲ್ಲಿ ತಿಳಿಯುತ್ತದೆ.

ದೇವದುರ್ಗ, ಅರಕೇರಾ, ಮಾನ್ವಿ ಕಡೆಯ ನೆಲವನ್ನು ಕಂಡವರಿಗೆ ಎರೆ ಎಂದರೇನೆಂದು ವಿವರಿಸಬೇಕಾಗಿಲ್ಲ. ಕಾಣದವರಿಗಾಗಿ ಹೇಳುವುದಾದರೆ, ಮಳೆ ಬಂದಾಗ ಕಾಲಿಡಲಾಗದಂತೆ ಅಂಟುವ, ಬೇಸಗೆಯಲ್ಲಿ ಕೈತೂರುವಷ್ಟು ಬಿರಿಯುವ ಕಪ್ಪುಮಣ್ಣು ಅದು. ಅದಕ್ಕೊಂದು ದೊಡ್ಡ ಗುಣವಿದೆ. ಮಳೆಗಾಲದ ತೇವವನ್ನು ಒಡಲಲ್ಲಿ ಹಿಡಿದಿಟ್ಟುಕೊಂಡು ತಿಂಗಳುಗಟ್ಟಲೆ ಬೆಳೆಗೆ ಉಣಿಸುತ್ತದೆ. ಸೆಪ್ಟೆಂಬರು ಅಕ್ಟೋಬರಿನಲ್ಲಿ ಕೂರಿಗೆಯಿಂದ ಬಿತ್ತಿದ ಹಿಂಗಾರಿ ಜೋಳ ಮತ್ತೆ ಮಳೆಯ ಮುಖವನ್ನೇ ಕಾಣದಿದ್ದರೂ ಇಬ್ಬನಿ ಚಳಿಗಳಲ್ಲೇ ಬೆಳೆದು ಜನವರಿ ಫೆಬ್ರವರಿಗೆ ಮಾಗುತ್ತದೆ. ಜೋಳದ ನಡುವೆ ಕಡಲೆ, ಅಗಸೆ. ಅಂಚಿಗೆ ದನಗಳು ನುಗ್ಗದಂತೆ ಮುಳ್ಳಿನ ಕುಸುಬೆ. ಒಂದು ಹೊಲದಲ್ಲಿ ನಾಲ್ಕು ಬಗೆಯ ಕಾಳು, ಅವು ಮಾಗುವುದೂ ಒಂದರ ಹಿಂದೊಂದು. ಹಕ್ಕಿಯ ದೃಷ್ಟಿಯಿಂದ ಇದಕ್ಕಿಂತ ಉತ್ತಮವಾದ ಏರ್ಪಾಟನ್ನು ಯಾರೂ ಬೇಕೆಂದು ಮಾಡಲಾರರು. ಒಕ್ಕಲಿಗನೂ ಹಕ್ಕಿಗೆಂದು ಮಾಡಿದವನಲ್ಲ. ಒಂದು ಹೋದರೆ ಒಂದು ಉಳಿಯಲಿ ಎಂದು ತನ್ನ ಹೊಟ್ಟೆಗಾಗಿ ಮಾಡಿದ.

ಇಲ್ಲಿ ಭಾವಾವೇಶಕ್ಕೆ ಎಡೆಗೊಡಬಾರದು. ಹಳೆಯ ಕಾಲದ ರೈತ ಹಕ್ಕಿಗಳ ಪರಮಮಿತ್ರನಾಗಿದ್ದ ಎಂದು ಬರೆಯುವವರು ಹೊಲದಲ್ಲಿ ಅಟ್ಟ ಹಾಕಿ ಕವಣೆ ಬೀಸುವ ಹುಡುಗನನ್ನು ನೋಡಿದವರಲ್ಲ. ತೆನೆ ಹಾಲುಗಟ್ಟಿದ ದಿನದಿಂದ ಕೊಯ್ಲಿನವರೆಗೆ ಮುಂಜಾನೆ ಸಂಜೆ ಹಕ್ಕಿ ಕಾಯುವುದು ಮನೆಯ ಮಕ್ಕಳ ಕೆಲಸ. ಇದಕ್ಕಾಗಿ ಶಾಲೆ ತಪ್ಪಿಸಿಕೊಂಡ ಮಕ್ಕಳ ಹಾಜರಿಯನ್ನು ಲೆಕ್ಕ ಹಾಕಿದರೆ ನಮ್ಮ ಶಿಕ್ಷಣದ ಇತಿಹಾಸದಲ್ಲಿ ಒಂದು ಅಧ್ಯಾಯವೇ ಆದೀತು. ಈ ಕಾವಲು ಬಹು ಪುರಾತನವಾದದ್ದು. ಶಾತವಾಹನ ದೊರೆ ಹಾಲನ ಹೆಸರಿನಲ್ಲಿ ಉಳಿದುಬಂದಿರುವ ಪ್ರಾಕೃತದ ಗಾಥಾಸಪ್ತಶತಿಯಲ್ಲಿ ದಖ್ಖನದ ಹೊಲ ಕಾಯುವ ಹೆಣ್ಣುಗಳು ಬರುತ್ತಾರೆ. ಬೆಳೆ ಮಾಗಿ ಕೊಯ್ಲಾದರೆ ನಲ್ಲನನ್ನು ಗುಟ್ಟಾಗಿ ಕಾಣುವ ಜಾಗವೇ ಹೋಯಿತೆಂದು ಕಣ್ಣೀರಿಡುವವರೂ ಅವರಲ್ಲಿದ್ದಾರೆ. ನಮ್ಮ ಚಂಪೂಕವಿಗಳಿಗಂತೂ ಗಿಳಿ ಸೋವುವ ಪಾಮರಿಯಿಲ್ಲದೆ ದೇಶವರ್ಣನೆ ಮುಗಿಯುವುದೇ ಇಲ್ಲ. ಆಕೆಯ ಧ್ವನಿಗೆ ಗಿಳಿಗಳು ಮರುಳಾದುವೆಂದು ಕವಿ ಹೇಳುತ್ತಾನೆ. ಕವಣೆಯ ಕಲ್ಲಿನ ಪ್ರಸ್ತಾಪವನ್ನು ಮಾತ್ರ ಜಾಣತನದಿಂದ ಬಿಡುತ್ತಾನೆ.

ಹೀಗೆ ಒಂದು ಕೈಯಲ್ಲಿ ಕವಣೆ. ಇನ್ನೊಂದು ಕೈಯಲ್ಲಿ ಏನಿತ್ತು?

ಪುಷ್ಯಮಾಸಕ್ಕೆ ಮುಂಚಿನ ಎಳ್ಳು ಅಮಾವಾಸ್ಯೆಯ ದಿನ ಕಲಬುರ್ಗಿ, ಬೀದರ, ರಾಯಚೂರು, ವಿಜಾಪುರಗಳ ಹಳ್ಳಿಗಳಲ್ಲಿ ಮನೆಯಲ್ಲಿ ಯಾರೂ ಉಳಿಯುವುದಿಲ್ಲ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಪುಂಡಿಪಲ್ಯ, ಎಣ್ಣೆಗಾಯಿ, ಅಂಬಲಿ ಎಲ್ಲವನ್ನೂ ಬುಟ್ಟಿಗಳಲ್ಲಿ ಹೊತ್ತು ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಬನ್ನಿಯ ಗಿಡದ ಬುಡದಲ್ಲಿ ಸುಣ್ಣ ಹಚ್ಚಿದ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ನಿಂತ ಬೆಳೆಯ ಸುತ್ತ ಕೂಗುತ್ತ ಅಡುಗೆಯನ್ನು ಎರಚುತ್ತ ಹೋಗುತ್ತಾರೆ. ಇದೇ ಚರಗ ಚೆಲ್ಲುವುದು. ಬಸುರಿಯಾದ ಭೂಮಿತಾಯಿಗೆ ಬಯಕೆಯ ಊಟ ಎಂಬುದು ಇದಕ್ಕೆ ಹಿರಿಯರು ಕೊಡುವ ಅರ್ಥ. ಭೂಮಿತಾಯಿ ಉಂಡಳೋ ಬಿಟ್ಟಳೋ, ಬಂಡಿಗಳು ಹಿಂತಿರುಗಿದ ಮೇಲೆ ಆ ಅನ್ನವನ್ನು ಉಣ್ಣಲು ಬರುವವರು ಕಾಗೆ, ಗೊರವಂಕ, ಬೆಳವ, ಇರುವೆಗಳೇ. ಪಂಚಾಂಗದ ದಿನವನ್ನೂ ಗಮನಿಸಿರಿ: ತೆನೆ ಕಟ್ಟುವ ಹೊತ್ತು, ಅಂದರೆ ಹಕ್ಕಿಯೊಡನೆ ಜಗಳ ಮೊದಲಾಗುವ ಹೊತ್ತು.

ಮುಂದೆ ಕಣದಲ್ಲಿ ಮತ್ತೊಂದು ವ್ಯವಸ್ಥೆ. ಮೇಟಿಯ ಸುತ್ತ ಎತ್ತುಗಳು ತಿರುಗುತ್ತಿರಲು ಹಂತಿಯ ಪದಗಳನ್ನು ಹಾಡುತ್ತ ರಾತ್ರಿಯೆಲ್ಲ ತುಳಿಸಿ, ಗಾಳಿಗೆ ತೂರಿ, ರಾಶಿ ಪೂಜೆಯಾದ ಮೇಲೆ ಬಡಿಗ, ಕಮ್ಮಾರ, ಕುಂಬಾರ ಮೊದಲಾದ ಆಯಗಾರರಿಗೆ ಅವರವರ ಆಯವನ್ನು ಅಳೆದುಕೊಡುವುದು. ರಾಶಿ ಮನೆಗೆ ಹೋದ ಮೇಲೂ ಕಣದಲ್ಲಿ ಹೊಟ್ಟಿನೊಡನೆ ಬೆರೆತ ಕಾಳು ವಾರಗಟ್ಟಲೆ ಬಿದ್ದಿರುತ್ತದೆ. ಗುಬ್ಬಿಗಳು, ಬೆಳವಗಳು, ಗೌಜುಗಗಳು ಅಲ್ಲಿಯೇ ಠಾಣ್ಯ ಹಾಕುತ್ತವೆ. ಕಣಕಿಯ ಬಣವೆಯಲ್ಲಿ ಅಡಗಿ ಉಳಿದ ತೆನೆಗಳು ಬೇಸಗೆಯವರೆಗೂ ಸಿಕ್ಕುತ್ತವೆ. ಇದು ದಾನವೇ, ಅಥವಾ ಕೈಯಿಂದ ಕೊಯ್ದು ಕಾಲಿಂದ ತುಳಿಸುವ ಬೇಸಾಯದಲ್ಲಿ ತಪ್ಪಿಸಲಾಗದ ಸೋರಿಕೆಯೇ? ಎರಡೂ ಹೌದೆಂದು ನನ್ನ ಎಣಿಕೆ. ಸೋರಿಕೆ ತಪ್ಪದ್ದು, ಅದನ್ನು ಬಾಚಿಕೊಳ್ಳದೆ ಬಿಟ್ಟದ್ದು ಧರ್ಮ.

ಆ ಬಿಡುವ ಧರ್ಮವನ್ನು ಒಂದು ದೊಡ್ಡ ವಿಚಾರವಾಗಿ ಎತ್ತಿ ಹಿಡಿದವರು ಇದೇ ರಾಯಚೂರು ಜಿಲ್ಲೆಯವರು ಎಂಬುದನ್ನು ನೆನೆದರೆ ಸಂತೋಷವಾಗುತ್ತದೆ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ 12ನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಹೋದ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಾಯಕವೆಂದರೆ ಅಂಗಳಗಳಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಅದರಿಂದಲೇ ಆಯ್ದಕ್ಕಿ ಎಂಬ ಹೆಸರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ನಮಗೆ ಬೇಕಾದದ್ದಕ್ಕಿಂತ ಮಿಗಿಲಾದದ್ದು ಏಕೆ, ಅಲ್ಲೇ ಸುರಿದು ಬನ್ನಿ ಎಂದು ಲಕ್ಕಮ್ಮ ಗಂಡನನ್ನು ಹಿಂದಕ್ಕೆ ಕಳುಹಿಸಿದಳೆಂದು ಕಥೆ. ಸುರಿದ ಅಕ್ಕಿಯನ್ನು ಯಾರು ತಿಂದರೆಂಬುದನ್ನು ಕಥೆ ಹೇಳುವುದಿಲ್ಲ. ಅಂಗಳದಲ್ಲಿ ಸುರಿದ ಅಕ್ಕಿಯನ್ನು ಯಾರು ತಿನ್ನುತ್ತಾರೆಂಬುದು ನಮಗೆಲ್ಲ ಗೊತ್ತು. ಇದಕ್ಕೂ ಹಿಂದೆ, ಮಹಾಭಾರತದಲ್ಲಿ ಧರ್ಮರಾಯನ ಅಶ್ವಮೇಧವನ್ನು ಹೀಗಳೆದ ಮುಂಗುಸಿಯ ಪ್ರಸಂಗದಲ್ಲಿ, ಕುರುಕ್ಷೇತ್ರದ ಬಡ ಬ್ರಾಹ್ಮಣನೊಬ್ಬ ಉಂಛವೃತ್ತಿಯಿಂದ ಜೀವಿಸುತ್ತಿದ್ದ. ಅಂದರೆ ಹೊಲದಲ್ಲಿ ಬಿದ್ದ ಕಾಳನ್ನು ಆಯ್ದು ಬದುಕುವುದು. ಪಾರಿವಾಳದ ಹಾಗೆ ಎಂಬ ಅರ್ಥದಲ್ಲಿ ಅದಕ್ಕೆ ಕಾಪೋತವೃತ್ತಿಯೆಂದೂ ಹೆಸರು. ಹಕ್ಕಲಾಯುವ ಮನುಷ್ಯನಿಗೆ ಗುರು ಹಕ್ಕಿ.

ರಾಜಶಾಸನಗಳ ಕಡೆ ತಿರುಗಿದರೆ, ಮಸ್ಕಿಯ ಬಂಡೆ ಇಲ್ಲಿಗೆ ದೂರವಿಲ್ಲ. ಚಿನ್ನದ ಗಣಿಯ ಇಂಜಿನಿಯರೊಬ್ಬರು, ಬೀಡನ್ ಎಂಬವರು, 1915ರಲ್ಲಿ ಪತ್ತೆಮಾಡಿದ ಆ ಶಾಸನದಲ್ಲಿ ಅಶೋಕನ ಹೆಸರೇ ಸಿಕ್ಕಿ, ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಸ್ಥಿರಪಟ್ಟಿತು. ಅದೇ ಅಶೋಕ ತನ್ನ ಪಟ್ಟಾಭಿಷೇಕದ 26ನೆಯ ವರ್ಷದಲ್ಲಿ ಉತ್ತರದ ಸ್ತಂಭಗಳಲ್ಲಿ ಕೆತ್ತಿಸಿದ ಐದನೆಯ ಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯೊಂದಿದೆ. ಗಿಳಿ, ಗೊರವಂಕ, ಚಕ್ರವಾಕ, ಹಂಸಗಳು ಅದರಲ್ಲಿ ಮೊದಲ ಸಾಲಿನಲ್ಲಿಯೇ ಇವೆ. ವಿಸ್ಮಯದ ಸಂಗತಿಯೆಂದರೆ ಮುಂದೆ ಬರುವ ಇನ್ನೊಂದು ಕಟ್ಟಳೆ: ಜೀವಜಂತುಗಳಿರುವ ಹೊಟ್ಟನ್ನು ಸುಡಕೂಡದು. ಈ ಸ್ತಂಭಶಾಸನ ನಮ್ಮ ಸೀಮೆಯಲ್ಲಿ ನೆಡಲ್ಪಟ್ಟದ್ದಲ್ಲ. ಆದರೂ ಕೂಳೆಗೆ ಬೆಂಕಿಯಿಡುವ ಇಂದಿನ ದಿನಗಳಲ್ಲಿ ಅದನ್ನು ಓದಿದರೆ ಇಪ್ಪತ್ತೆರಡು ಶತಮಾನಗಳ ಹಿಂದಿನ ಅರಸನಿಗೆ ಕಣದ ಮೂಲೆಯ ಹೊಟ್ಟಿನ ಚಿಂತೆ ಇತ್ತಲ್ಲ ಎಂದು ಆಶ್ಚರ್ಯವಾಗುತ್ತದೆ.

ಈಗ ಅತಿಥಿಗಳ ವಿಷಯ. ಎರೆಯ ಜೋಳಕ್ಕೆ ಬರುವ ಹಕ್ಕಿಗಳಲ್ಲಿ ಮುಖ್ಯವಾದುದು ಗುಲಾಬಿ ಬಣ್ಣದ ಮೈ, ಕಪ್ಪು ತಲೆ, ಕಪ್ಪು ರೆಕ್ಕೆಗಳ ಕಬ್ಬಕ್ಕಿ. ಹಿಂದಿನ ಇಂಗ್ಲಿಷರು ಇದಕ್ಕೆ ಜೋಳದ ಹಕ್ಕಿಯೆಂದೇ ಹೆಸರಿಟ್ಟಿದ್ದರು. ಮದ್ರಾಸು ಸೈನ್ಯದ ವೈದ್ಯ ಜರ್ಡನ್ 1862ರಿಂದ 1864ರವರೆಗೆ ಪ್ರಕಟಿಸಿದ ಭಾರತದ ಪಕ್ಷಿಗಳ ಗ್ರಂಥದಲ್ಲಿ ಜೋಳದ ಹೊಲಗಳಿಗೆ ಇದರಿಂದಾಗುವ ಹಾವಳಿಯನ್ನು ಬರೆದಿದ್ದಾನೆ. ಪೂರ್ವ ಯುರೋಪಿನಿಂದ ಮಧ್ಯ ಏಷ್ಯದವರೆಗಿನ ಬಯಲುಗಳಲ್ಲಿ ಮರಿಮಾಡಿ, ಜುಲೈ ಆಗಸ್ಟಿನಲ್ಲಿಯೇ ಭಾರತದ ಕಡೆ ಹೊರಟು, ಏಪ್ರಿಲಿನವರೆಗೆ ಇದ್ದು ಹೋಗುವ ಪಕ್ಷಿಯಿದು. ವರ್ಷದ ಹೆಚ್ಚು ಭಾಗ ನಮ್ಮ ನೆಲದಲ್ಲೇ ಕಳೆಯುವುದನ್ನು ಅತಿಥಿಯೆನ್ನುವುದು ಎಷ್ಟು ಸರಿಯೋ! ಸಂಜೆಯ ಹೊತ್ತು ಜಾಲಿಯ ಕಂಟಿಗಳ ಮೇಲೆ ಹೊಗೆಯಂತೆ ಸುತ್ತಿ, ಸುಳಿದು, ಒಮ್ಮೆಲೆ ಇಳಿಯುವ ಇದರ ಹಿಂಡುಗಳನ್ನು ಒಮ್ಮೆ ಕಂಡವರು ಮರೆಯುವಂತಿಲ್ಲ. ಇದರೊಡನೆ ಪಶ್ಚಿಮ, ಮಧ್ಯ ಏಷ್ಯಗಳಿಂದ ಬರುವ ಕರಿತಲೆಯ, ಕೆಂದಲೆಯ ಕಾಳುಗುಬ್ಬಿಗಳು. ಊರಿನವೇ ಆದ ಗೀಜಗ, ರಾಟವಾಳ, ಗಿಳಿ. ಇವುಗಳ ಹಿಂದೆಯೇ ಬಯಲಿನ ಮೇಲೆ ತಗ್ಗಿ ಹಾರುತ್ತ ಮಿಡತೆ, ಇಲಿ, ಸಣ್ಣ ಹಕ್ಕಿಗಳನ್ನು ಹುಡುಕುವ ಬೂದುಬಣ್ಣದ ಗಿಡುಗಗಳು. ಒಂದು ಕಾಲಕ್ಕೆ ಇದೇ ಬಗೆಯ ಬಯಲುಗಳಲ್ಲಿ ಎರೆಭೂತವೂ ತಿರುಗುತ್ತಿತ್ತು. ಸುಮಾರು ಒಂದು ಮೀಟರ್ ಎತ್ತರದ ಆ ಮಹಾಪಕ್ಷಿಗೆ ಎರೆಯ ಮಣ್ಣಿನ ಹೆಸರನ್ನೇ ಕೊಟ್ಟರು ನಮ್ಮವರು. ಈಗ ಕರ್ನಾಟಕದಲ್ಲಿ ಬಳ್ಳಾರಿಯ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟನ್ನು ಕಂಡವರಿದ್ದಾರೆ, ಅಷ್ಟೆ.

ರಾಯಚೂರು ನಿಜಾಮರ ಸಂಸ್ಥಾನದಲ್ಲಿದ್ದ ಕಾಲದಲ್ಲಿ, 1931–32ರಲ್ಲಿ, ಸಲೀಂ ಅಲಿಯವರು ಹೈದರಾಬಾದು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ಕೈಗೊಂಡರು. ಪತ್ನಿ ತಹಮೀನಾ ಅವರೊಡನೆ ಡೇರೆ ಹೂಡುತ್ತ ನಡೆಸಿದ ಆ ಕೆಲಸದ ವರದಿ ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ 1933–34ರಲ್ಲಿ ಅಚ್ಚಾಯಿತು. ಅದಕ್ಕೂ ಮುಂಚೆ 1912ರಲ್ಲಿ ಪೂಸಾದ ಕೃಷಿ ಸಂಶೋಧನಾಲಯದಿಂದ ಮೇಸನ್, ಮ್ಯಾಕ್ಸ್‌ವೆಲ್ ಲೆಫ್ರಾಯ್ ಎಂಬ ವಿಜ್ಞಾನಿಗಳು ಹಕ್ಕಿಗಳ ಹೊಟ್ಟೆಗಳನ್ನು ಬಗೆದು ನೋಡಿ ಯಾವುದು ಎಷ್ಟು ಕಾಳು, ಎಷ್ಟು ಹುಳು ತಿನ್ನುತ್ತದೆಂದು ದೊಡ್ಡ ಗ್ರಂಥ ಬರೆದಿದ್ದರು. ಹಕ್ಕಿಯನ್ನು ಕಳ್ಳನೆಂದೇ ತಿಳಿದಿದ್ದ ಸರಕಾರಕ್ಕೆ ಅದು ಕೂಲಿಯಾಳೂ ಹೌದೆಂದು ತೋರಿಸಿದ ಪುಸ್ತಕವದು. ಈ ಪಾಠವನ್ನು ಕಲಿಯದವರು ತೆತ್ತ ಬೆಲೆ ಪ್ರಸಿದ್ಧವಾಗಿದೆ. 1958ರಲ್ಲಿ ಚೀನಾದಲ್ಲಿ ಗುಬ್ಬಿಗಳನ್ನು ದೇಶದ ಶತ್ರುವೆಂದು ಸಾರಿ, ತಗಡು ಬಡಿದು, ಕೂರಗೊಡದೆ ದಣಿಸಿ ಕೊಂದರು. ಹುಳುಗಳ ಉಪದ್ರವ ಹೆಚ್ಚಿತು. 1960ರಲ್ಲಿ ಗುಬ್ಬಿಯನ್ನು ಪಟ್ಟಿಯಿಂದ ತೆಗೆದು ಅದರ ಜಾಗದಲ್ಲಿ ತಿಗಣೆಯನ್ನು ಸೇರಿಸಿದರು. ಆ ವರ್ಷಗಳ ಭೀಕರ ಕ್ಷಾಮಕ್ಕೆ ಕಾರಣಗಳು ಹಲವು; ಗುಬ್ಬಿಯ ಶಾಪವೂ ಅವುಗಳಲ್ಲೊಂದು.

ನಮ್ಮ ಸೀಮೆಯಲ್ಲಿ ಯಾರೂ ಹಕ್ಕಿಯ ಮೇಲೆ ಯುದ್ಧ ಸಾರಲಿಲ್ಲ. ಬದಲಾದದ್ದು ಹೊಲ. 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಬಂತು. ಯೋಜನೆ ಮಾಡಿದವರ ಎಣಿಕೆಯಲ್ಲಿ ಎಡದಂಡೆಯ ನೀರು ಹೆಚ್ಚಾಗಿ ಜೋಳ, ಹತ್ತಿಯಂಥ ಹಗುರ ನೀರಾವರಿಯ ಬೆಳೆಗಳಿಗೆ. ನಡೆದದ್ದು ಬೇರೆ. ಗಂಗಾವತಿ, ಸಿಂಧನೂರು, ಮಾನ್ವಿಗಳಲ್ಲಿ ಆಂಧ್ರದಿಂದ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡ ರೈತರೂ ಅವರನ್ನು ನೋಡಿ ಕಲಿತ ನಮ್ಮವರೂ ಭತ್ತವನ್ನೇ ಹಿಡಿದರು. ಮುಂದಿನ ದಶಕಗಳಲ್ಲಿ ಕೃಷ್ಣೆಗೆ ನಾರಾಯಣಪುರದಲ್ಲಿ ಅಣೆಕಟ್ಟಾಗಿ ಬಲದಂಡೆಯ ಕಾಲುವೆ ದೇವದುರ್ಗದ ಕಡೆಗೂ ಬಂತು. ಜೋಳದ ಎರೆಗಳಲ್ಲಿ ಹತ್ತಿ, ಮೆಣಸಿನಕಾಯಿ, ತೊಗರಿ, ಭತ್ತ ಹರಡಿದುವು. ಬರಗಾಲದ ಬಾಯಿಗೆ ಮತ್ತೆ ಮತ್ತೆ ಬಿದ್ದ ನಾಡಿಗೆ ನೀರು ಬಂದದ್ದನ್ನು ಅಲ್ಲಗಳೆಯುವುದು ಹೊಟ್ಟೆ ತುಂಬಿದವರ ಮಾತಾದೀತು. 1876–78ರ ಕ್ಷಾಮ ಈ ದೋಆಬನ್ನು ಹೇಗೆ ಹಿಂಡಿತೆಂಬುದನ್ನು ಬಲ್ಲವರು ಕಾಲುವೆಗೆ ಕೈಮುಗಿಯಬೇಕು. ಭತ್ತದ ಗದ್ದೆಗೂ ಅದರದೇ ಹಕ್ಕಿಗಳುಂಟು. ಬೆಳ್ಳಕ್ಕಿಗಳು, ರಾಟವಾಳಗಳು, ಬಾತುಗಳು ಹೆಚ್ಚಿದುವು. ಆದರೆ ಒಣಬಯಲಿನ ಹಕ್ಕಿಗೆ ಕೆಸರು ಒಗ್ಗದು.

ನೀರಿಗಿಂತ ಹೆಚ್ಚಿನ ಪೆಟ್ಟು ಕೊಟ್ಟದ್ದು ಯಂತ್ರ ಮತ್ತು ಬೆಂಕಿ ಎಂದು ನಾನು ಭಾವಿಸುತ್ತೇನೆ. ಕೊಯ್ಯುವ, ಒಕ್ಕುವ, ತೂರುವ ಕೆಲಸವನ್ನು ಒಂದೇ ಸುತ್ತಿನಲ್ಲಿ ಮುಗಿಸುವ ಯಂತ್ರ ಗದ್ದೆಗಿಳಿದ ಮೇಲೆ ಕಣವೇ ಇಲ್ಲವಾಯಿತು. ಕಣ ಹೋದಲ್ಲಿ ಮೇಟಿ, ಹಂತಿಯ ಹಾಡು, ಆಯಗಾರರ ಆಯ, ಗೌಜುಗದ ಪಾಲು ಎಲ್ಲವೂ ಹೋದುವು. ಯಂತ್ರದ ಹಿಂದೆ ಉದುರಿದ ಕಾಳೇನೋ ಇರುತ್ತದೆ. ಎರಡನೆಯ ಬೆಳೆಯ ಅವಸರಕ್ಕೆ ವಾರದೊಳಗೆ ಹುಲ್ಲಿಗೆ ಬೆಂಕಿ ಬಿದ್ದರೆ ಅದೂ ಬೂದಿ. ಹಕ್ಕಲಾಯುವ ಹೆಂಗಸಿನ ಕೆಲಸವೂ ಅದರೊಡನೆಯೇ ಬೆಂದಿತು. ಎಕರೆಗೆ ಎಷ್ಟು ಚೀಲ ಬಂತೆಂಬ ಲೆಕ್ಕ ತಾಲ್ಲೂಕು ಕಚೇರಿಯಲ್ಲಿ ದೊರೆಯುತ್ತದೆ. ಸೆರಗಿನಲ್ಲಿ ಮನೆಗೆ ಹೋಗುತ್ತಿದ್ದ ಕಾಳನ್ನು ಅಳೆದವರಿಲ್ಲ.

ಇಂಗ್ಲೆಂಡಿನಲ್ಲಿ ನಡೆದದ್ದೂ ಇದೇ. 1970ರ ದಶಕದಿಂದ ಅಲ್ಲಿ ಧಾನ್ಯಗಳನ್ನು ವಸಂತಕ್ಕೆ ಬದಲಾಗಿ ಶರತ್ತಿನಲ್ಲಿಯೇ ಬಿತ್ತುವ ರೂಢಿ ಹರಡಿ, ಚಳಿಗಾಲವೆಲ್ಲ ಹಾಗೆಯೇ ಬಿದ್ದಿರುತ್ತಿದ್ದ ಕೂಳೆಯ ಹೊಲಗಳು ಕಾಣೆಯಾದುವು. ಬಾನಾಡಿ, ಕಾಳುಗುಬ್ಬಿ, ಕವುಜುಗಗಳ ಸಂಖ್ಯೆ ಇಳಿಯಿತು. ಕೊನೆಗೆ ಕೂಳೆಯನ್ನು ಚಳಿಗಾಲದಲ್ಲಿ ಉಳದೆ ಬಿಟ್ಟ ರೈತನಿಗೆ ಸರಕಾರವೇ ಹಣ ಕೊಡಬೇಕಾಯಿತು. ನಮ್ಮ ಊರುಗಳಲ್ಲಿ ಪುಕ್ಕಟೆಯಾಗಿ ನಡೆಯುತ್ತಿದ್ದ ಹಕ್ಕಲಿಗೆ ಅಲ್ಲಿ ಖಜಾನೆಯಿಂದ ಸಂಬಳ! ನಗುವ ವಿಷಯವಲ್ಲ, ಒಂದು ದಿನ ಇಲ್ಲಿಯೂ ಕೊಡಬೇಕಾದೀತು.

ಎಲ್ಲವೂ ಮುಗಿದುಹೋಯಿತೆಂದು ತಿಳಿಯಬಾರದು. ಸೊಲ್ಲಾಪುರ ಸೀಮೆಯ ಮೊಹೋಳದಲ್ಲಿ 1930ರ ದಶಕದಲ್ಲಿ ಆಯ್ದು ರೂಢಿಗೆ ತಂದ ಮಾಲದಂಡಿ ಜೋಳವನ್ನು ಕಾಲುವೆ ಮುಟ್ಟದ ಎರೆಗಳಲ್ಲಿ ಇನ್ನೂ ಬಿತ್ತುತ್ತಾರೆ. 1964ರಲ್ಲಿ ಬಂದ ಸಂಕರ ಜೋಳವೂ ಅದನ್ನು ಹಿಂಗಾರಿಯಿಂದ ಹೊರಡಿಸಲಾರದೆ ಹೋಯಿತು. ರೊಟ್ಟಿಯ ರುಚಿಯೂ ದನದ ಮೇವೂ ಅದಕ್ಕೆ ಬೆಂಬಲವಾಗಿ ನಿಂತುವು. 1970ರ ದಶಕದಲ್ಲಿ ರಷ್ಯದ ತಳಿಗಳೊಡನೆ ಬಂದ ಸೂರ್ಯಕಾಂತಿ ಕೆಲವು ಕಾಲ ಗಿಳಿಗಳಿಗೆ ಸ್ವರ್ಗವಾಗಿದ್ದು, ರೋಗ ಮತ್ತು ಬೆಲೆಗಳ ಕಾಟಕ್ಕೆ ಹಿಂದೆ ಸರಿಯಿತು. ಹಿತ್ತಲುಗಳಲ್ಲಿ ಬೀಜಕ್ಕೆ ಬಿಟ್ಟ ರಾಜಗಿರಿ, ಗುರೆಳ್ಳು, ಚೆಂಡುಹೂಗಳು ಒಣಗಿ ನಿಂತಿರುತ್ತವೆ. ಮುಂದಿನ ವರ್ಷದ ಬಿತ್ತನೆಗೆಂದು ಮನೆಯಾಕೆ ಉಳಿಸಿದ ಆ ಬೀಜದಲ್ಲಿ ಅರ್ಧವನ್ನು ರಾಟವಾಳಗಳು ತಿಂದು ಹೋದರೂ ಆಕೆ ಗಿಡವನ್ನು ಕೀಳುವುದಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆಯ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿಯೇ ಮೇಯುತ್ತವೆ. ಅಲ್ಲಿಯ ರೈತರು ನಷ್ಟವನ್ನು ಗೊಣಗುತ್ತಲೇ ಸಹಿಸಿಕೊಂಡು ಬಂದದ್ದರ ಫಲವಾಗಿ ಆ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿತು.

ಗುಲಾಬಿ ಕಬ್ಬಕ್ಕಿಯ ಕಥೆಗೆ ಇನ್ನೊಂದು ತುದಿಯಿದೆ. ಫಾಲ್ಗುಣದಲ್ಲಿ ಕೂಳೆಯ ಕಾಳು ಮುಗಿಯುತ್ತ ಬಂದಂತೆ ಅದು ಮುತ್ತುಗ, ಬೂರುಗದ ಹೂಗಳಿಗೆ ಮುತ್ತಿ ಮಕರಂದ ಕುಡಿದು, ಮುಖವೆಲ್ಲ ಪರಾಗ ಮೆತ್ತಿಕೊಂಡು ತಿರುಗುತ್ತದೆ. ಏಪ್ರಿಲ್ ಮಧ್ಯದ ಹೊತ್ತಿಗೆ ಹಿಂಡುಗಳು ಉತ್ತರಕ್ಕೆ ಹೊರಡುತ್ತವೆ. ಗುಬ್ಬಿಗಳನ್ನು ಕೊಂದ ಅದೇ ಚೀನಾದ ಪಶ್ಚಿಮ ಮೂಲೆಯ ಸಿಂಕಿಯಾಂಗ್ ಪ್ರಾಂತದಲ್ಲಿ ಈಗ ಈ ಹಕ್ಕಿಗೆಂದು ಕಲ್ಲಿನ ಗುಡ್ಡೆಗಳನ್ನು ಒಟ್ಟಿ, ಗೂಡಿನ ಗೋಡೆಗಳನ್ನು ಕಟ್ಟಿಡುತ್ತಾರೆ. ಹುಲ್ಲುಗಾವಲಿನ ಮಿಡತೆಗಳನ್ನು ತಿಂದು ದನಕುರಿಗಳ ಮೇವನ್ನು ಅದು ಉಳಿಸಿಕೊಡುತ್ತದೆಂದು. ಮರಿಗಳು ಬಲಿತ ಕೂಡಲೆ ಅಲ್ಲಿಂದ ಹೊರಟು, ಇಲ್ಲಿ ಮುಂಗಾರಿ ಸಜ್ಜೆ ತೆನೆಗಟ್ಟುವ ಹೊತ್ತಿಗೆ ಮೊದಲ ತಂಡಗಳು ಎರೆಯ ಮೇಲೆ ಬಂದಿಳಿಯುತ್ತವೆ. ಅಷ್ಟರಲ್ಲಿ ಹುಡುಗರೂ ಕವಣೆಯ ಹುರಿಯನ್ನು ಹೊಸದಾಗಿ ಹೊಸೆದುಕೊಂಡಿರುತ್ತಾರೆ.